ನಾರಪ್ಪನ ಮಾಂಸವ್ರತ

"ಇವತ್ತಿಂದ ಈ ಬಾಯಿಗೆ ಒಂದು ಕಾಳು ಧಾನ್ಯ ಸೋಕಂಗಿಲ್ಲ. ಬರೀ ಮಾಂಸ, ಅಷ್ಟೇ."

ತಮಿಳರ ಪುರಟಾಸಿ ತಿಂಗಳು ಮುಗಿದ ಮಾರನೇ ದಿನ, ಅಡುಗೆಮನೆ ಬಾಗಿಲನ್ನು ಪೂರ್ತಿ ತಾನೇ ತುಂಬಿಕೊಂಡು ನಿಂತು, ನಾರಪ್ಪ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದ. ಪೆರುಮಾಳಿನ, ಅಂದರೆ ತಿಮ್ಮಪ್ಪನ, ತಿಂಗಳಲ್ಲಿ ಮಾಂಸದ ಸುದ್ದಿ ಎತ್ತಿದರೆ ಹೆಂಡತಿ ಸಪ್ಪಲಮ್ಮ ಪೊರಕೆ ಎತ್ತುತ್ತಾಳೆ ಅಂತ ಪಾಪ, ತಿಂಗಳಿಡೀ ಬಾಯಿಗೆ ಬೀಗ ಹಾಕಿಕೊಂಡು ಕಾದಿದ್ದ.

ತಮಿಳು ಸೀಮೆಯ ಮಾರಂಡಹಳ್ಳಿಯಲ್ಲಿ ತರಕಾರಿ ಮಂಡಿ ಇಟ್ಟಿದ್ದ ನಾರಪ್ಪನಿಗೆ ಹೊಟ್ಟೆ ಕರಗಿಸೋದು ಹಳೇ ಚಟ. ಹುರುಳಿ ಕಟ್ಟು ಕುಡಿದ. ಕರಗಿತು, ದೀಪಾವಳಿಗೆ ವಾಪಸ್ಸು ಬಂತು. ಬೂದುಗುಂಬಳದ ರಸ ಕುಡಿದ. ಕರಗಿತು, ಮಗಳು ಮೇನಕನ ಮದುವೆ ಊಟಕ್ಕೆ ಬಡ್ಡಿ ಸಮೇತ ಬಂತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ಕೊನೆಗೆ ಶಂಕಗಿರಿಯ ಲಾರಿ ಡ್ರೈವರ್ ಅಣ್ಣಾಮಲೈ, ಟೊಮ್ಯಾಟೊ ಲೋಡು ಮಾಡಿಸುತ್ತಾ ಉಪದೇಶ ಕೊಟ್ಟ. "ಅಣ್ಣೇ, ಬೊಂಬಾಯಿಲಿ ಒಬ್ಬ ಸೇಟು. ಬಾಗಿಲಲ್ಲಿ ಹಿಡೀತಿರ್ಲಿಲ್ಲ. ಅನ್ನ, ಸೋರು ಮುಟ್ಟದೆ ಬರೀ ಮಾಂಸ ತಿಂದ. ಈಗ ನೋಡುದ್ರೆ ಕರೆಂಟ್ ಕಂಬ. ಸತ್ತಿಯಮಾ ಸೊಲ್ರೇನ್, ಸತ್ಯವಾಗ್ಲೂ." ಬೊಂಬಾಯಿ ಸೇಟು ಮಾಂಸ ಯಾಕೆ ತಿಂದಾನು ಅಂತ ಕೇಳೋ ಬುದ್ಧಿ ನಾರಪ್ಪನಿಗೆ ಬರಲಿಲ್ಲ.

"ಮತ್ತೆ ಮುದ್ದೆ?" ಅಂದಳು ಸಪ್ಪಲಮ್ಮ.

"ನಂಗೆ ಬ್ಯಾಡ. ನೀನು ಮಾಡ್ಕೊಂಡು ತಿನ್ನು, ನಾನೇನು ಬ್ಯಾಡ ಅಂದ್ನಾ?"

ದೊಡ್ಡ ಮನಸ್ಸಿಂದಲೇ ಅಂದದ್ದು. ಆದರೆ ಆ ಕಡೆಯ ಮನೆಗಳಲ್ಲಿ ಗಂಡಸಿನ ಚಪ್ಪಲಿ ಸದ್ದು ಬಾಗಿಲಲ್ಲಿ ಕೇಳಿದ ಮೇಲೇ ಎಸರಿಗೆ ಹಿಟ್ಟು ಬೀಳೋದು. ಅವನು ಉಂಡೆದ್ದ ಮೇಲೇ ಹೆಂಗಸು ಕೂರೋದು. ತನ್ನೊಬ್ಬಳಿಗೋಸ್ಕರ ಒಲೆ ಮುಂದೆ ಕೂತು ಕೋಲು ತಿರುವೋ ಹೆಂಗಸನ್ನು ಆ ಬೀದಿ ಇನ್ನೂ ಕಂಡಿಲ್ಲ. ಮಗಳು ಗಂಡನ ಮನೆ ಸೇರಿದ್ದಳು, ಮನೇಲಿ ಇದ್ದವರು ಇವರಿಬ್ಬರೇ. ಸಪ್ಪಲಮ್ಮ ಮುದ್ದೆ ಕೋಲನ್ನು ತೊಳೆದು ಅಟ್ಟಕ್ಕೆ ಸೇರಿಸಿದಳು. ನಾರಪ್ಪ ಅದನ್ನು ನೋಡಲೇ ಇಲ್ಲ.

ಶುರುವಾಯಿತು ವ್ರತ! ಬೆಳಿಗ್ಗೆ ಹುರಿದ ಲಿವರ್ರು, ಮಧ್ಯಾಹ್ನ ನಾಟಿಕೋಳಿ, ಸಂಜೆ ತಲೆಮಾಂಸ. ಕಸಾಯಿ ಅಂಗಡಿಯವನು ಕತ್ತಿ ಮಸೆಯೋ ಮುಂಚೆಯೇ ನಾರಪ್ಪ ಹಾಜರು. ಅವನ ಕೈವಾಸನೆ ಹಿಡಿದು ಬೀದಿನಾಯಿಗಳೆಲ್ಲ ಮಂಡಿಯವರೆಗೂ ಮೆರವಣಿಗೆ ಬರುತ್ತಿದ್ದವು. ಅವನು ಉಂಡೆದ್ದ ಮೇಲೆ ತಟ್ಟೆಯಲ್ಲಿ ಮೂಳೆ ಇರೋದು, ಪಾತ್ರೆ ತಳದಲ್ಲಿ ಒಂದಿಷ್ಟು ಸಾರು. ಮುದ್ದೆಯೇ ಇಲ್ಲದ ಮೇಲೆ ಆ ಸಾರಿಗೆ ಏನು ಅದ್ದೋದು?

"ಉಂಡ್ಯಾ?" ಅಂತ ಕೇಳೋನು, ಕೈ ಒರೆಸಿಕೊಂಡು.

"ಆಯ್ತು."

ಏನು ಉಂಡೆ ಅಂತ ಒಂದು ದಿನವೂ ಕೇಳಲಿಲ್ಲ. ಆಮೇಲೆ ಅವನನ್ನು ಕೊರೆದದ್ದು ಅದೇ.

ಬೆಲ್ಟು ಹೆಣಗಾಡಿ ಒಂದು ತೂತು ಒಳಕ್ಕೆ ಬಂದಾಗ ಅವನು ಇಡೀ ಮಂಡಿಗೆ ಟೀ ಕುಡಿಸಿದ. ಮನೆಗೆ ಬಂದರೆ ಸಪ್ಪಲಮ್ಮ ಹೊಸ್ತಿಲಲ್ಲಿ ಕೂತು, ಸಡಿಲವಾದ ರವಿಕೆಗೆ ಎರಡೂ ಕಡೆ ಹೊಲಿಗೆ ಹಾಕುತ್ತಿದ್ದಳು. ಅವಳನ್ನು ದಾಟಿಕೊಂಡು ಒಳಗೆ ಹೋಗಿ, "ಲೇ, ಬೆಲ್ಟ್ ನೋಡ್ಲೇ ಬಂದು" ಅಂದ.

ಒಂದು ಭಾನುವಾರ ಕುರಿಕಾಲಿನ ಸಾರು. ಕಣ್ಣು ಪೇಪರ್ ಮೇಲೆ, ಕೈ ಬಟ್ಟಲಲ್ಲಿ. ಬೆರಳಿಗೆ ಏನೋ ಗಟ್ಟಿಯಾಗಿ, ಗುಂಡಗೆ ಸಿಕ್ಕಿತು. ಆಹಾ, ನಲ್ಲಿಮೂಳೆ! ದವಡೆಗೆ ಕೊಟ್ಟು, ಕಣ್ಣು ಮುಚ್ಚಿ ಕಟಕ್ಕನೆ ಕಚ್ಚಿದ. ಮುರಿದದ್ದು ಮೂಳೆಯಲ್ಲ, ಹಲ್ಲು. ಬಾಯಿಂದ ಹೊರಗೆ ಬಂದದ್ದು ಸಪ್ಪಲಮ್ಮನ ಗಿಲೀಟಿನ ಕವರಿಂಗ್ ಬಳೆ.

"ಬಳೆ ತೊಟ್ಕೊಳ್ಳಾಕೂ ಬರಲ್ವಾ ನಿಂಗೆ?" ಅಂತ ರಕ್ತ ಉಗುಳುತ್ತಲೇ ಕೂಗಿದ.

"ಸಾರು ಕಲಕೋವಾಗ ಜಾರ್ಬುಟ್ಟೈತೆ. ಈಚೀಚೆಗೆ ಕೈಯಲ್ಲಿ ನಿಲ್ಲಲ್ಲ ಅದು."

ಪಾಲಕ್ಕೋಡಿನ ಡಾಕ್ಟರ್ ಸುಬ್ಬರಾಯನ್ ಉಳಿದರ್ಧ ಹಲ್ಲು ಕಿತ್ತು, ಬಾಯಿಗೆ ಹತ್ತಿ ತುರುಕಿ, ಏನು ಕಚ್ಚಿದಿರಿ ಅಂತ ಕೇಳಿದರು. ನಾರಪ್ಪ ಕಳ್ಳನನ್ನು ಹಿಡಿದುಕೊಟ್ಟವನ ಗತ್ತಿನಲ್ಲಿ ಬಳೆ ತೋರಿಸಿದ. ಡಾಕ್ಟರ್ ಅದನ್ನು ಸಪ್ಪಲಮ್ಮನ ಕೈಗೆ ಕೊಟ್ಟು ಹಾಕಿಕೊಳ್ಳಿ ಅಂದರು. ಬಳೆ ಬೆರಳು ಮಡಿಸೋ ಕೆಲಸವೇ ಇಲ್ಲದೆ ಒಳಗೆ ಹೋಗಿ, ಮೊಣಕೈವರೆಗೂ ಓಡಿತು. ಡಾಕ್ಟರ್ ಅವಳ ಕಣ್ಣುರೆಪ್ಪೆ ಎಳೆದು ನೋಡಿದರು.

"ದಿನಾ ಏನಮ್ಮಾ ತಿಂತೀರಿ?"

"ಟೀ ಕುಡೀತೀನಿ ಸಾಮಿ. ಇವ್ರಿಗೆ ಬೇಯಿಸೋವಾಗ ಉಪ್ಪು ಖಾರ ನೋಡ್ತೀನಲ್ಲ, ಅದ್ರಲ್ಲೇ ಆಗೋಯ್ತದೆ."

"ಮುದ್ದೆ ಮಾಡಲ್ವಾ?"

"ನನ್ನೊಬ್ಬಳಿಗೆ ಯಾರು ಕೋಲು ತಿರುವ್ತಾರೆ?"

ಡಾಕ್ಟರ್ ನಾರಪ್ಪನನ್ನು ತಲೆಯಿಂದ ಹೊಟ್ಟೆವರೆಗೆ ಒಂದು ಸಲ ನೋಡಿ, ಸಪ್ಪಲಮ್ಮನಿಗೆ ಟಾನಿಕ್ಕು ಬರೆದುಕೊಟ್ಟರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

ಬಸ್ಸಿನಲ್ಲಿ ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಈ ಕೈ ಇಷ್ಟು ಸಣ್ಣಗೆ ಯಾವಾಗ ಆಯಿತು? ತಿಂಗಳುಗಟ್ಟಲೆ ಅದೇ ಕೈಯಿಂದ ಬಡಿಸಿಕೊಂಡು ತಿಂದಿದ್ದ. ಥೂ, ನನ್ನ ಜನ್ಮಕ್ಕಿಷ್ಟು, ಅಂದುಕೊಂಡ. ಅವನ ಕಣ್ಣಲ್ಲಿ ನೀರು ಕಂಡು ಅವಳು, "ಹಲ್ಲು ಭಾಳ ನೋಯ್ತೈತಾ?" ಅಂತ ಕೇಳಿದಳು. ಹೌದು ಅಂತ ತಲೆ ಆಡಿಸಿದ.

ಮನೆಗೆ ಬಂದವನೇ ಅಟ್ಟದಿಂದ ಕೋಲು ಇಳಿಸಿ, ಪಂಚೆ ಎತ್ತಿ ಕಟ್ಟಿ, ಒಲೆ ಮುಂದೆ ಕೂತ. ಹಿಟ್ಟು ಹಾಕಿದ್ದು ಜಾಸ್ತಿಯಾಯಿತು, ನೀರು ಹೊಯ್ದದ್ದು ಇನ್ನೂ ಜಾಸ್ತಿಯಾಯಿತು. ಗಂಟುಗಳು ಒಂದೊಂದೂ ನಿಂಬೆಹಣ್ಣಿನಷ್ಟಿದ್ದವು. ಬೆವರು ಸುರಿಸುತ್ತಾ ತಿರುವುತ್ತಿದ್ದರೆ, ಬಾಗಿಲಲ್ಲಿ ಪಕ್ಕದ ಮನೆ ಮಂಜುಳಮ್ಮನ ದನಿ ಕೇಳಿಸಿತು. ಅವಳೂ ಮೈಕೈ ತುಂಬಿಕೊಂಡ ಹೆಂಗಸೇ.

"ಸಪ್ಪಲಕ್ಕಾ, ಕಡ್ಡಿ ಆಗ್ಬುಟ್ಟಿದ್ದೀಯಲ್ಲ. ಅದೇನು ಡಯಟ್ಟು ಮಾಡ್ದೆ, ನಂಗೂ ಒಸಿ ಹೇಳಕ್ಕಾ."

ಸಪ್ಪಲಮ್ಮ ಒಲೆ ಕಡೆ ಒಂದು ಸಲ ಇಣುಕಿ ನೋಡಿದಳು.

"ಡಯಟ್ಟು ಮಾಡಿದ್ದು ನಾನಲ್ಲ ಮಂಜುಳಾ, ನಮ್ಮನೆಯೋರು. ನಿಮ್ಮನೆಯೋರ ಕೈಲೂ ಒಂದಷ್ಟು ದಿನ ಮಾಡ್ಸು. ನೀನು ತಾನಾಗೇ ಕರಗ್ತೀಯ."