ಮುದ್ದೆ ಅಗಿಸಿದ ಮಾವನವರು

ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ ಹಿಡಿದುಕೊಂಡು ಇಡೀ ಸಂಸಾರವನ್ನು ಗೋಳು ಹೊಯ್ದುಕೊಂಡವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ, ಅದು ನಮ್ಮ ಮಾವನವರು! ಗಂಡನ ತಂದೆ, ದೊಡ್ಡವರು, ಹಾಗೆಲ್ಲ ಅನ್ನಬಾರದು ಅಂತೀರಾ? ಮುದ್ದೆಯನ್ನು ಮೂವತ್ತೆರಡು ಸಲ ಅಗಿದು ನೋಡಿ, ಆಮೇಲೆ ಬಂದು ಹೇಳಿ.

ಮಾಗಡಿ ಕಡೆಯ ಹಳ್ಳಿಯಿಂದ ನಾನು ರಾಜಾಜಿನಗರಕ್ಕೆ ಸೊಸೆಯಾಗಿ ಬಂದದ್ದು ಐವತ್ತರ ದಶಕದಲ್ಲಿ. ಬಡಾವಣೆ ಆಗಿನ್ನೂ ಹೊಸದು. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಬಂದ ವಾರವೇ ಮಾವನವರ ಕಚೇರಿಯ ಸಾಹೇಬರು ಯಾವುದೋ ಫೈಲಿನಲ್ಲಿ ‘ಅಸಿಮಿಲೇಟ್’ ಎಂದು ಬರೆದರಂತೆ. ಇವರು ಮನೆಗೆ ಬಂದವರೇ ಕೋಟು ಕೂಡ ಬಿಚ್ಚದೆ ನಿಘಂಟು ತೆರೆದರು. ತಿಂದದ್ದನ್ನು ಅರಗಿಸಿಕೊಳ್ಳುವುದು, ಓದಿದ್ದನ್ನು ತಲೆಗೆ ಇಳಿಸಿಕೊಳ್ಳುವುದು, ಹೊಸ ಜನರ ನಡುವೆ ಅವರಂತೆಯೇ ಆಗಿ ಬೆರೆತುಹೋಗುವುದು. ಒಂದೇ ಮಾತಿಗೆ ಇಷ್ಟೆಲ್ಲ ಅರ್ಥ! ಇದ್ದರೆ ಇರಲಿ, ನಿಘಂಟಿನೊಳಗೇ ಇರಬಾರದೆ? ಎಲ್ಲವನ್ನೂ ನಮ್ಮ ಮೇಲೆಯೇ ಪ್ರಯೋಗ ಮಾಡಬೇಕೆ?

ಅಂದು ನಾನು ಮುದ್ದೆ, ಬಸ್ಸಾರು ಮಾಡಿದ್ದೆ. ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು, ಇಲ್ಲವಾದರೆ ಅಸಿಮಿಲೇಟ್ ಆಗುವುದಿಲ್ಲ ಎಂದು ಅಪ್ಪಣೆಯಾಯಿತು. ಮುದ್ದೆಯನ್ನು ಅಗಿಯುವುದೇ! ಮುರಿದು, ಸಾರಿನಲ್ಲಿ ಅದ್ದಿ, ಗುಳುಕ್ಕನೆ ನುಂಗಬೇಕು. ಅಗಿಯುವವರನ್ನು ಕಂಡರೆ ನಮ್ಮೂರಿನ ದನಕರುಗಳೂ ನಕ್ಕಾವು. ಮಾವನವರು ಗಟ್ಟಿಯಾಗಿ ಎಣಿಸಿದರು. ಹದಿನೆಂಟಕ್ಕೆಲ್ಲ ನನ್ನ ಯಜಮಾನರು ಹಲ್ಲಿಗೆ ಹಲ್ಲು ಅಂಟಿಕೊಂಡು, ಸಾಕು ಅನ್ನಲೂ ಬಾಯಿ ಬಿಡಲಾಗದೆ ಕೈಯೆತ್ತಿ ಮುಗಿದರು. ಅತ್ತೆ ಪೇಟೆಯಲ್ಲಿ ಹುಟ್ಟಿ ಬೆಳೆದವರು, ಮೊದಲೇ ಮುದ್ದೆ ಕಂಡರಾಗದು. ನಾಳೆಯಿಂದ ಈ ಮನೆಯಲ್ಲಿ ಅನ್ನ ಮಾತ್ರ ಎಂದುಬಿಟ್ಟರು. ನನ್ನ ಮುದ್ದೆಗೆ ಕಲ್ಲು ಬಿತ್ತು.

ಆಮೇಲೆ ‘ಬೆರೆಯುವ’ ಸರದಿ. ಎದುರು ಮನೆಯ ತಮಿಳು ಹೆಂಗಸಿನ ಜೊತೆ ದಿನಾ ಅರ್ಧ ಗಂಟೆ ಕೂತು ಬರಬೇಕೆಂದು ನನ್ನನ್ನು ಅಟ್ಟಿದರು. ಆಕೆಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಇಬ್ಬರೂ ನಗುತ್ತಾ ಕೂತಿರುತ್ತಿದ್ದೆವು. ಮೂರು ತಿಂಗಳಲ್ಲಿ ಆಕೆ ನಲ್ಲಿ ನೀರಿಗಾಗಿ ನಮ್ಮತ್ತೆಯ ಜೊತೆ ಕನ್ನಡದಲ್ಲೇ ಜಗಳ ಆಡುವಷ್ಟು ಪಳಗಿದರು. ಮಾವನವರು ಜಗಲಿಯಲ್ಲಿ ಕೂತು ಆ ಜಗಳವನ್ನು ಹೆಮ್ಮೆಯಿಂದ ಕೇಳಿದರು.

ಆದರೆ ನಾನು ಮಾತ್ರ ಪಾಸಾಗಲಿಲ್ಲ! ‘ಬತ್ತೀನಿ’ ಅಂದರೆ ತಿದ್ದುತ್ತಿದ್ದರು, ಕುಕ್ಕರುಗಾಲಲ್ಲಿ ಕೂತರೆ ಕೆಮ್ಮುತ್ತಿದ್ದರು. ಸೊಸೆ ಇನ್ನೂ ಅಸಿಮಿಲೇಟ್ ಆಗಿಲ್ಲ ಅಂತ ಬಂದವರಿಗೆಲ್ಲ ವರದಿ ಬೇರೆ. ಇವರೆಲ್ಲ ಇದ್ದಂತೆಯೇ ಇರಬೇಕು, ನಾನೊಬ್ಬಳು ಸಾರಿಗೆ ಹಾಕಿದ ಉಪ್ಪಿನ ಹಾಗೆ ಕರಗಿಹೋಗಬೇಕೆ? ಯಾವ ನ್ಯಾಯ ಇದು? ರೋಸಿಹೋಗಿ ಅಣ್ಣನಿಗೆ ಕಾಗದ ಬರೆದೆ: ಭಾನುವಾರ ಬಂದು ಕರೆದುಕೊಂಡು ಹೋಗು, ನಾನು ಮತ್ತೆ ಈ ಮನೆಗೆ ಕಾಲಿಡುವುದಿಲ್ಲ.

ಹಿಂದಿನ ದಿನ ಶನಿವಾರ. ಅತ್ತೆ ನನ್ನ ಯಜಮಾನರನ್ನು ಕರೆದುಕೊಂಡು ತಮ್ಮ ತವರಿನ ನಾಮಕರಣಕ್ಕೆ ಹೋಗಿದ್ದರು. ಹೋಗುವವಳಿಗೆ ಯಾರ ಹೆದರಿಕೆ ಎಂದು ಎರಡು ಮುದ್ದೆ ಕಟ್ಟಿ, ಹುರುಳಿ ಸಾರು ಮಾಡಿದೆ. ತಟ್ಟೆಗೆ ಕೈ ಹಾಕಬೇಕು, ಕಚೇರಿಯಿಂದ ಬಂದ ಮಾವನವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ! ಇವತ್ತು ಒಂದಕ್ಕೆ ಎರಡು ಅಂದುಬಿಡುತ್ತೇನೆ ಎಂದು ಸೆರಗು ಬಿಗಿದೆ.

ಅವರು ಕೋಟು ಬಿಚ್ಚಿಟ್ಟು, ನನ್ನೆದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ತನಗೂ ಒಂದು ಹಾಕು ಎಂದರು. ಎಣಿಕೆ ಶುರುವಾಗುತ್ತದೆ ಎಂದು ಕಾದೆ. ಮುರಿದರು, ಹೆಬ್ಬೆರಳಿನಲ್ಲಿ ಒತ್ತಿ ಗುಂಡಗೆ ಮಾಡಿದರು, ಅದ್ದಿದರು, ನುಂಗಿದರು. ಒಂದು ಸಲವೂ ಅಗಿಯಲಿಲ್ಲ. ನಾನು ನೋಡನೋಡುತ್ತಲೇ ಅರ್ಧ ಮುದ್ದೆ ಖಾಲಿ! ಮುದ್ದೆ ತಿಂದೇ ಬೆಳೆದವರಿಗಲ್ಲದೆ ಆ ಕೈ ಬರುವುದಿಲ್ಲ.

‘ಮದುವೆ ಆದ ಹೊಸದರಲ್ಲಿ ನಿಮ್ಮತ್ತೆ ತವರಲ್ಲಿ ಊಟಕ್ಕೆ ಕೂತಿದ್ದೆ ಕಣವ್ವ,’ ಎಂದರು, ತಟ್ಟೆ ನೋಡುತ್ತಲೇ. ‘ಹಳ್ಳೀಲಿ ಅನ್ನ ಉಂಡು ಅಭ್ಯಾಸ ಎಲ್ಲಿತ್ತು? ಅದನ್ನೂ ಉಂಡೆ ಕಟ್ಟಿ ನುಂಗಿದೆ. ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ನಿಮ್ಮತ್ತೇನೂ ನಕ್ಕಳು. ಅವತ್ತಿಂದ ಎಣಿಸಿ ಎಣಿಸಿ ಅಗಿಯೋದು ಕಲಿತೆ. ನಿನ್ನ ನೋಡಿ ಯಾರೂ ಹಂಗೆ ನಗಬಾರದು ಅಂತ...’

ಇಪ್ಪತ್ತೆಂಟು ವರ್ಷ ಈ ಮನುಷ್ಯ ತನ್ನ ಮನೆಯಲ್ಲೇ ಎಣಿಸಿಕೊಂಡು ಉಂಡಿದ್ದರು. ನನ್ನ ಪಾಲಿನ ಮುದ್ದೆಯನ್ನೂ ಅವರ ತಟ್ಟೆಗೆ ಹಾಕಿದೆ.

ಭಾನುವಾರ ಅಣ್ಣ ಬಂದ. ಊಟಕ್ಕಿಟ್ಟು, ಬಸ್ಸಿನವರೆಗೂ ಹೋಗಿ ಒಬ್ಬನನ್ನೇ ಹತ್ತಿಸಿದೆ. ಯಾಕೆ, ಏನಾಯಿತು ಎಂದು ಕೇಳಿದ.

‘ಈ ಮನೇಲಿ ನಮ್ಮೋರೊಬ್ರು ಇದಾರೆ ಕಣಣ್ಣ,’ ಎಂದೆ.