ಹೊಂಗೆಯ ಕೆಳಗಿನ ಪ್ರಗತಿ

ಸುಮ್ಮನೆ ಕೂರುವುದು ನನಗೆ ಬಹಳ ಇಷ್ಟದ ಕೆಲಸ. ಕೆಲಸ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಅದಕ್ಕೂ ಜಾಗ ಹುಡುಕಬೇಕು, ಹೊತ್ತು ಹೊಂದಿಸಬೇಕು, ಯಾರಾದರೂ ಕೇಳಿದರೆ ಹೇಳಲು ಒಂದು ಕಾರಣವನ್ನೂ ಇಟ್ಟುಕೊಂಡಿರಬೇಕು. ನಾನಿರುವುದು ಬೆಳಗಾವಿಯ ಖಾಸಬಾಗದಲ್ಲಿ, ಕಾಕುವಿನ, ಅಂದರೆ ಚಿಕ್ಕಮ್ಮನ ಮನೆಯಲ್ಲಿ. ಅಲ್ಲಿ ಕಿಟಕಿಯ ಪಕ್ಕ ಸ್ವಲ್ಪ ಹೊತ್ತು ಮಾತಿಲ್ಲದೆ ಕೂತರೆ ಸಾಕು, "ಯಾಕವಾ, ಮೈಯಾಗ ಆರಾಮಿಲ್ಲೇನು?" ಎಂದು ಕಾಕು ಹಣೆ ಮುಟ್ಟಿ ನೋಡುತ್ತಾರೆ. ಇನ್ನಷ್ಟು ಹೊತ್ತು ಕೂತರೆ ಕಷಾಯ ಬರುತ್ತದೆ. ಅದನ್ನೂ ಮೀರಿ ಕೂತರೆ ಮದುವೆಯ ಮಾತು ಬರುತ್ತದೆ. ಹಾಗಾಗಿ ನಾನು ಮನೆಯಲ್ಲಿ ಯಾವಾಗಲೂ ಏನಾದರೊಂದು ಮಡಚುತ್ತಿರುತ್ತೇನೆ.

ನನ್ನ ನೌಕರಿ ಊರಿನ ಉದ್ಯಾನ, ಕೆರೆ, ಬೀದಿಮರಗಳ ವಾರ್ಷಿಕ ಪ್ರಗತಿಯ ವರದಿ ಬರೆಯುವುದು. ಪರಿಸರ ವಿಜ್ಞಾನ ಓದಿ ಈ ಕೆಲಸ ಹಿಡಿದಾಗ ಖಾನಾಪುರದಲ್ಲಿರುವ ಅವ್ವ, "ಗಿಡಾ ನೋಡಾಕ ಪಗಾರ ಕೊಡ್ತಾರಂತ? ಇಲ್ಲೇ ಫುಕಟ್ ನೋಡ್ತಿದ್ದಿ ಅಲ್ಲ!" ಎಂದಳು. ಅವಳ ಮಾತಿನಲ್ಲಿ ತಪ್ಪೇನಿಲ್ಲ. ಖಾನಾಪುರದ ಕಡೆ ಗಿಡ ನೆಡುವುದಕ್ಕಿಂತ ಅದನ್ನು ತಡೆಯುವುದೇ ಕಷ್ಟ. ಒಂದು ಮಳೆಗಾಲ ಅಲಕ್ಷ್ಯ ಮಾಡಿದರೆ ಗೋಡೆಯ ಬಿರುಕಿನಿಂದ ಅರಳಿ ಗಿಡ ಇಣುಕುತ್ತದೆ, ಹೆಂಚಿನ ಮೇಲೆ ಹುಲ್ಲು ತೂಗುತ್ತದೆ. ರವಿವಾರ ರೈಲಿನಲ್ಲಿ ಊರಿಗೆ ಹೋಗುವಾಗ ಹಸಿರು ದಟ್ಟವಾಗುತ್ತ ಕಿಟಕಿಯ ತನಕ ಬಂದುಬಿಡುತ್ತದೆ. ಇಷ್ಟೆಲ್ಲದರ ಪ್ರಗತಿ ವರದಿಯನ್ನು ಯಾರು ಬರೆಯುತ್ತಾರೆ, ಯಾರು ಸಹಿ ಹಾಕುತ್ತಾರೆ ಎಂದು ಅರೆನಿದ್ದೆಯಲ್ಲಿ ಯೋಚಿಸುತ್ತಿರುತ್ತೇನೆ. ಎಷ್ಟೋ ಸಲ ನಿಲ್ದಾಣ ಬಂದದ್ದೇ ಗೊತ್ತಾಗುವುದಿಲ್ಲ.

ಬೆಳಗಾವಿಯಲ್ಲಿ ಮಾತ್ರ ನನಗೊಂದು ಜಾಗ ಸಿಕ್ಕಿತ್ತು. ರಾಮತೀರ್ಥ ನಗರದ ಅಂಚಿನಲ್ಲಿ, ಕಚೇರಿಯಿಂದ ನಡೆದೇ ಹೋಗಬಹುದಾದ ಪುಟ್ಟ ಉದ್ಯಾನ. ಒಂದು ಹೊಂಗೆ ಮರ, ಅದರ ಕೆಳಗೆ ಒಂದೇ ಸಿಮೆಂಟ್ ಬೆಂಚು, ಯಾರೂ ಆಡದ ಜೋಕಾಲಿ. ಊಟದ ಬಿಡುವಿನಲ್ಲಿ ಅಲ್ಲಿ ಕೂತರೆ ಬೇಸಿಗೆಯೂ ದನಿ ತಗ್ಗಿಸಿ ಮಾತಾಡುತ್ತಿದೆ ಅನ್ನಿಸುತ್ತಿತ್ತು. ಹೊಂಗೆಯ ಹೂ ಚುರುಮುರಿಯ ಹಾಗೆ ಉದುರುತ್ತಿತ್ತು. ಆಚೆ ಬಿಸಿಲಿನಲ್ಲಿ ಪಕ್ಕದ ಮನೆಯ ಅಜ್ಜಿ, ಪದ್ಮವ್ವ ಆಯಿ, ಸೀರೆ ಹಾಸಿ, ಸಂಡಿಗೆ ಇಟ್ಟು, ಕೋಲು ಹಿಡಿದು ಕಾಗೆ ಕಾಯುತ್ತಿದ್ದರು. ಕಾಗೆಗಳ ಹೊರತು ಬೇರೆ ಯಾರ ಜೊತೆಗೂ ಅವರಿಗೆ ಮಾತು ಬೇಕಿರಲಿಲ್ಲ. ನನಗೆ ಇಂಥ ನೆರೆ ಎಂದೂ ಸಿಕ್ಕಿರಲಿಲ್ಲ.

ಇದನ್ನು ಉಳಿಸಿಕೊಳ್ಳುವ ಉಪಾಯ ವರದಿಯಲ್ಲೇ ಇತ್ತು. 'ಪ್ರಗತಿ ಇಲ್ಲ' ಎಂದು ಬರೆದರೆ ಯಾಕಿಲ್ಲ ಎಂದು ಕೇಳಿ ಕೆಲಸ ಶುರು ಮಾಡುತ್ತಾರೆ. 'ಪೂರ್ಣಗೊಂಡಿದೆ' ಎಂದರೆ ನೋಡಲು ಬರುತ್ತಾರೆ. 'ಪ್ರಗತಿಯಲ್ಲಿದೆ' ಎಂದರೆ ಮಾತ್ರ ಯಾರೂ ತಲೆ ಎತ್ತುವುದಿಲ್ಲ. ಹಾಗೆಂದೇ ಎರಡು-ಮೂರು ವರ್ಷ ನೆಮ್ಮದಿಯಿಂದ ಬರೆದೆ.

ಈ ವರ್ಷ ಹೊಸ ಸಾಹೇಬರು ಬಂದರು. ಅವರು ವರದಿ ಓದುವವರು. "ಏನ್ರಿ ಮೇಡಂ, ಇದು ಯಾವಾಗ ನೋಡಿದ್ರೂ ಪ್ರಗತಿಯಾಗೇ ಐತಿ. ಏನ್ ನಡದೈತಿ ಅಲ್ಲಿ? ನಡ್ರಿ, ನೋಡೇ ಬಿಡೂಣು."

ಜೀಪಿನಲ್ಲಿ ಅವರ ಕನಸುಗಳು ಒಂದೊಂದಾಗಿ ಹೊರಬಂದವು. ಬಣ್ಣದ ಕಾರಂಜಿ, ಸೆಲ್ಫಿ ಪಾಯಿಂಟ್, ಕಂಬಕ್ಕೊಂದು ಸ್ಪೀಕರ್. "ಮುಂಜಾನಿಂದ ಸಂಜಿ ತನಕ ಹಾಡು ಇರಬೇಕ್ರಿ. ಮಂದಿ ಬರಬೇಕಂದ್ರ ಗದ್ದಲ ಬೇಕು." ನನ್ನ ಬೆಂಚಿನ ಪಕ್ಕ ಸ್ಪೀಕರ್ ಕಂಬ ಏಳುವುದು ಕಣ್ಣಿಗೆ ಕಟ್ಟಿತು.

ಉದ್ಯಾನದ ನಡುವೆ ನಿಂತು ಸಾಹೇಬರು ಸುತ್ತ ನೋಡಿದರು. ಮೊದಲು ಮಾತಾಡಿದ್ದು ಆಯಿ.

"ಏ ತಮ್ಮಾ, ಬಾಜೂಕ ಸರಿ. ಸಂಡಿಗಿ ಮ್ಯಾಲ ನೆರಳ ಬೀಳಾಕತ್ತೈತಿ."

ನೆರಳು ಕೊಡುವುದೇ ನಮ್ಮ ಇಲಾಖೆಯ ಉದ್ದೇಶ. ಸಾಹೇಬರು ಗಾಬರಿಯಿಂದ ಸರಿದು ಬೆಂಚಿನ ಮೇಲೆ ಕೂತರು. ತಲೆ ಒರೆಸಿಕೊಂಡು, "ಹೇಳ್ರಿ ಮೇಡಂ, ಇಲ್ಲಿ ಏನು ಪ್ರಗತಿಯಾಗ ಐತಿ?" ಎಂದರು.

ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡ ತಾಂತ್ರಿಕ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಹೊಂಗಿ ಗಿಡಾ ಬೆಳ್ಯಾಕತ್ತೈತ್ರಿ, ಸರ್," ಎಂದೆ.

"ಅಷ್ಟs?"

ಉತ್ತರ ಕೊಟ್ಟದ್ದು ಆಯಿ, ಅದೂ ತಕರಾರಾಗಿ. "ಅಷ್ಟs ಅಂತೀಯಲ್ಲೋ! ಹ್ವಾದ ವರ್ಷ ನೀ ಕುಂತಲ್ಲಿತನಾ ಬಿಸಿಲಿತ್ತು. ಅದರ ಹಿಂದಿನ ವರ್ಷ ಇನ್ನೂ ಆಚೀಕಿತ್ತು. ಈ ಸುಡುಗಾಡ ಗಿಡಾ ನನ್ನ ದೂಡಕೋತ ದೂಡಕೋತ ಗ್ವಾಡಿಗೆ ಹಚ್ಚೇತಿ. ದೊಡ್ಡ ಸಾಹೇಬ ಇದ್ರ ಒಂದೀಟು ಟೊಂಗಿ ಕಡಸು."

ಸಾಹೇಬರು ತಲೆ ಎತ್ತಿ ಟೊಂಗೆಗಳನ್ನು ನೋಡಿದರು. ಎಳೆಯ ಎಲೆಗಳ ಮೂಲಕ ಬೆಳಕು ನೀರಿನ ಹಾಗೆ ಅಲುಗುತ್ತಿತ್ತು. ಅವರ ಕನ್ನಡಕದ ಮೇಲೆ ಒಂದು ಹೂ ಬಿತ್ತು, ತೆಗೆಯಲಿಲ್ಲ. "ಅಂದ್ರ ಖರೇನs ಪ್ರಗತಿ ಆಗೇತಿ," ಎಂದು ಮೆಲ್ಲಗೆ ಅಂದರು. ಹಾಗೇ ಬೆಂಚಿಗೆ ಒರಗಿದರು. ನೋಡಿದರೆ ನಿದ್ದೆ ಹೋಗಿದ್ದರು. ನಾನೂ ಡ್ರೈವರೂ ಜೋಕಾಲಿಯ ಎರಡು ಕಡೆ ನಿಂತು ಕಾದೆವು. ಆಯಿ ಕೂಡ ಕಾಗೆಗಳನ್ನು ಬೈಯದೆ ಬರೀ ಕೋಲು ಬೀಸಿ ಓಡಿಸಿದರು.

ಎಚ್ಚರವಾದಾಗ ಸಾಹೇಬರ ಮುಖ ಮಗುವಿನದಾಗಿತ್ತು. "ಇಲ್ಲಿ ಏನೂ ಮಾಡೂದು ಬ್ಯಾಡ್ರಿ. ಟೊಂಗಿನೂ ಕಡಿಯೂದು ಬ್ಯಾಡ. ಹಿಂಗs ಇರ್ಲಿ," ಎಂದು ಜೀಪು ಹತ್ತಿದರು. ಅಂದು ಸಂಜೆ ಕಾಕು ಕೊಟ್ಟ ಕಷಾಯವನ್ನು ಕಾರಣ ಕೇಳದೆ ಕುಡಿದೆ, ಅಷ್ಟು ಸಂತೋಷವಾಗಿತ್ತು.

ಮರುದಿನ ಊಟದ ಬಿಡುವಿನಲ್ಲಿ ಹೋದೆ. ಬೆಂಚಿನ ಮೇಲೆ ಸಾಹೇಬರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. "ಬರ್ರಿ ಮೇಡಂ, ಕುಂದರ್ರಿ! ಒಬ್ಬನs ಕುಂತ್ರ ಬ್ಯಾಸರಾಗತೈತಿ," ಎಂದು ಸರಿದು ಜಾಗ ಕೊಟ್ಟರು. ತಮ್ಮ ಸಕ್ಕರೆ ಕಾಯಿಲೆ, ವರ್ಗಾವಣೆ, ಮಗಳ ವರಾನ್ವೇಷಣೆ ಎಲ್ಲವನ್ನೂ ಹೇಳಿದರು. ಅದರ ಮರುದಿನವೂ ಬಂದರು. ಅವರಿಗೆ ಆ ಜಾಗ ಒಗ್ಗಿಬಿಟ್ಟಿದೆ, ಮಾತಿಗೂ ಕೊನೆಯಿಲ್ಲ.

ಈಗ ನಾನು ಅವರಿಗೆ ನಮಸ್ಕಾರ ಹೇಳಿ ನೇರವಾಗಿ ಆಯಿಯ ಕಡೆ ಹೋಗುತ್ತೇನೆ. ಅವರು ಒಂದು ಮಾತೂ ಆಡದೆ ನನ್ನ ಕೈಗೆ ಕೋಲು ಕೊಟ್ಟು ಗೋಡೆಗೆ ಒರಗುತ್ತಾರೆ. ನಡುಮಧ್ಯಾಹ್ನದ ಬಿಸಿಲು ನೆತ್ತಿಗೆ ಹೊಡೆಯುತ್ತದೆ. ಊಟ ಮುಗಿದ ಮೇಲೆ ಹೊಂಗೆಯ ಕೆಳಗೆ ಸಾಹೇಬರ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ನಾನು ಕಾಗೆಗಳನ್ನು ಓಡಿಸುತ್ತಲೇ ಇರುತ್ತೇನೆ, ಬಹಳ ಮೆತ್ತಗೆ. ಸಂಡಿಗೆ ಒಂದೆರಡು ಹೋದರೂ ಹೋಗಲಿ, ಅವರಿಗೆ ಮಾತ್ರ ಎಚ್ಚರವಾಗಬಾರದು.