ಅಂಧಕರಾಯನೂ ಜೀಪಿನ ಕಲ್ಲೂ

ಎಲ್ಲದಕ್ಕೂ ಕಾರಣ ಒಂದು ಕಲ್ಲು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಒಂದು ಬದಿ ಚಪ್ಪಟೆ, ಮೇಲೆ ಬಿಳಿ ಪೇಂಟಿನ ಮೂರು ಪಟ್ಟೆ. ಕೊಟ್ಟಿಗೆಹಾರದ ಕಡೆ ಜೀಪಿನ ಹ್ಯಾಂಡ್‌ಬ್ರೇಕನ್ನು ಯಾರೂ ನಂಬುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದರೆ ಮೊದಲು ಚಕ್ರಕ್ಕೊಂದು ಕಲ್ಲು ಕೊಡುತ್ತಾರೆ, ಆಮೇಲೆ ಉಸಿರು ಬಿಡುತ್ತಾರೆ. ಕಾಫಿ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಶಿವಯ್ಯನವರಂತೂ ಆಯುಧಪೂಜೆಯ ದಿನ ಜೀಪಿಗೆ ಹಾರ ಹಾಕಿದ ಮೇಲೆ ಕಲ್ಲಿಗೂ ಮೂರು ಪಟ್ಟೆ ಬಳಿದು ಹೂವಿಡುತ್ತಿದ್ದರು.

ಹದಿನಾರು ವರ್ಷದ ಹಿಂದೆ ಆ ಕಲ್ಲನ್ನು ಶಶಿಧರ ಎತ್ತಿಕೊಂಡು ಹೋದ. ಆಗ ಅವನಿಗೆ ಹದಿನೆಂಟು. ಯುವಕ ಮಂಡಲದ ನಾಟಕದಲ್ಲಿ ರಾಜನ ಪಾರ್ಟು, ರಟ್ಟಿನ ಕಿರೀಟದ ಅಂಟು ಆರುವ ತನಕ ಮೇಲೊಂದು ಭಾರ ಬೇಕಿತ್ತು, ಕಣ್ಣಿಗೆ ಬಿದ್ದದ್ದು ಅದೇ ಕಲ್ಲು. ಅವನು ಮನೆ ಮುಟ್ಟುವಷ್ಟರಲ್ಲಿ ಜೀಪು ಯಾರನ್ನೂ ಕೇಳದೆ ಹೊರಟು ಕೆಳಗಿನ ಕೆರೆಯಲ್ಲಿ ಕೂತಿತ್ತು.

ಅವತ್ತು ಬೆಳಿಗ್ಗೆ ತಾನೇ ಆ ಜೀಪಿನ ಬ್ರೇಕು ರಿಪೇರಿ ಮಾಡಿದ್ದವರು ಮೆಕ್ಯಾನಿಕ್ ಗುಲಾಮ್ ಮುಸ್ತಫಾ. ಶಿವಯ್ಯನವರಿಗೆ ಚಡ್ಡಿ ಕಾಲದ ದೋಸ್ತು. "ನಿನ್ನ ಬ್ರೇಕಿಂದ ಹೋಯ್ತು" ಅಂದರು ಶಿವಯ್ಯ. ಮುಸ್ತಫಾ ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟು ನಡೆದುಬಿಟ್ಟರು. ಅವತ್ತು ನಿಂತ ಮಾತು ಇವತ್ತಿನವರೆಗೂ ಶುರುವಾಗಿಲ್ಲ. ಮಂಚದ ಕೆಳಗೆ ಅಡಗಿದ್ದ ನಮ್ಮ ರಾಜ ಆಮೇಲೊಂದು ನಾಟಕ ಕಂಪನಿ ಹಿಡಿದು ಊರು ಬಿಟ್ಟ.

ಈಗ ಶಶಿಧರ ಟಿವಿ ಧಾರಾವಾಹಿಯಲ್ಲಿ ರಕ್ತಪಿಶಾಚಿ. ಪಾತ್ರದ ಹೆಸರು ಅಂಧಕರಾಯ. ಬಹಳ ಸಂಕೋಚದ ಪಿಶಾಚಿ ಅದು. ಕುತ್ತಿಗೆಗೆ ಬಾಯಿ ಹಾಕಿ ಎರಡು ಗುಟುಕು ಕುಡಿದ ಕೂಡಲೇ ಮಂಡಿಯೂರಿ, "ತಪ್ಪಾಯ್ತು, ಕ್ಷಮಿಸಿಬಿಡಿ" ಅಂತ ಅಳುತ್ತದೆ. ಆ ಅಳು ನೋಡಲಿಕ್ಕೇ ಸಂಜೆ ಏಳೂವರೆಗೆ ಜನ ಒಲೆ ಆರಿಸಿ ಕೂರುತ್ತಾರೆ. ಶಶಿಧರನಿಗೆ ಗ್ಲಿಸರಿನ್ ಬೇಕಿಲ್ಲ. ಕೆರೆಯಲ್ಲಿ ಮುಳುಗಿದ ಜೀಪು, ಬೆನ್ನು ತಿರುಗಿಸಿಕೊಂಡ ಇಬ್ಬರು ಗೆಳೆಯರು ನೆನಪಾದರೆ ಸಾಕು, ಕಣ್ಣೀರು ತಾನಾಗಿ ಇಳಿಯುತ್ತದೆ. ಹೀಗೆ ಮುನ್ನೂರು ಎಪಿಸೋಡು ಅತ್ತ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಒಂದು ದಿನದ ರಜ ಹಾಕಿ ಬಸ್ಸು ಹತ್ತಿದ. ಇಬ್ಬರ ಹತ್ತಿರವೂ ನಿಜ ಹೇಳಿಬಿಡಬೇಕು, ಕ್ಷಮೆ ಕೇಳಿ ಇಬ್ಬರನ್ನೂ ಒಂದು ಮಾಡಿ ಬರಬೇಕು ಅಂತ.

ಅವನ ಚಿಕ್ಕಮ್ಮ ಕೃಷ್ಣಮ್ಮನ ಹೋಟೆಲು ಕೊಟ್ಟಿಗೆಹಾರದ ಸರ್ಕಲ್ಲಿನಲ್ಲೇ. ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಹಾಜರು. ಶಿವಯ್ಯ ಈ ಮೂಲೆ, ಮುಸ್ತಫಾ ಆ ಮೂಲೆ, ಬೆನ್ನಿಗೆ ಬೆನ್ನು.

"ಕೃಷ್ಣಮ್ಮ, ಆ ಬದಿಯಲ್ಲಿ ಕೂತವರಿಗೆ ಹೇಳಿ, ಪೇಪರ್ ಓದಿ ಆಗಿದ್ರೆ ಕೊಡ್ಲಿಕ್ಕೆ" ಅಂದರು ಶಿವಯ್ಯ.

"ಇನ್ನೂ ಆಗ್ಲಿಲ್ಲ ಅಂತ ಹೇಳಿ ಕೃಷ್ಣಮ್ಮ" ಅಂದರು ಮುಸ್ತಫಾ.

ಕೃಷ್ಣಮ್ಮ ಎರಡನ್ನೂ ಕೇಳಿಸಿಕೊಳ್ಳದೆ ಶಶಿಧರನ ಮುಂದೆ ದೋಸೆ ಇಟ್ಟಳು. "ಚಟ್ನಿಗೆ ಬೆಳ್ಳುಳ್ಳಿ ಹಾಕಿಲ್ಲ ಮಾರಾಯ. ನಿಂಗೆ ಆಗಲ್ವಲ್ಲ."

"ಪಿಶಾಚಿಗೆ ಆಗದ್ದು ಟಿವಿಯಲ್ಲಿ ಚಿಕ್ಕಮ್ಮ."

"ಎಲ್ಲಿ ಆದ್ರೇನು, ಯಾಕೆ ಸುಮ್ನೆ."

ಶಶಿಧರ ದೋಸೆ ಮುಟ್ಟಲಿಲ್ಲ. ಎದ್ದು ಹೋಗಿ ಎರಡು ಮೂಲೆಗೂ ನಡುವೆ ನಿಂತ. "ಶಿವಯ್ಯನವ್ರೇ, ಮುಸ್ತಫಾ ಸಾಹೇಬ್ರೇ, ಆ ಜೀಪು ಕೆರೆಗೆ ಹೋಗಿದ್ದು ನನ್ನಿಂದ. ಚಕ್ರದ ಕಲ್ಲು ತೆಗೆದವನು ನಾನು. ತಪ್ಪಾಯ್ತು, ಕ್ಷಮಿಸಿಬಿಡಿ." ಮಂಡಿ ತಾನಾಗಿಯೇ ಊರಿತು, ಮುನ್ನೂರು ಎಪಿಸೋಡಿನ ಅಭ್ಯಾಸ ನೋಡಿ.

ಹೋಟೆಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪಕ್ಕದ ಬೇಕರಿಯ ಕುಮಾರ್ ಮೊಬೈಲ್ ಹಿಡಿದು ಓಡಿ ಬಂದ. "ಅಣ್ಣ, ಸ್ವಲ್ಪ ಬಾಗಿಲ ಕಡೆ ತಿರುಗಿ. ಬೆಳಕು ಸಾಲ್ದು. ಇನ್ನೊಂದ್ಸಲ ಹೇಳಿ."

"ಇದು ಪಾರ್ಟಲ್ಲ ಕುಮಾರ್, ನಿಜ."

"ಅದೇ, ನಿಜ ಅನ್ನೋ ಹಾಗೇ ಇದೆ."

ಮುಸ್ತಫಾ ಕಣ್ಣೊರೆಸಿಕೊಂಡರು. "ನಮ್ಮ ಮಗಳು ಯಾಸ್ಮಿನ್ ನಿನ್ನ ನೋಡಿ ದಿನಾ ಅಳ್ತಾಳೆ. ಇವತ್ತು ನಂಗೂ ಬಂತು ನೋಡು. ನಮ್ಮೂರಿನ ಕಥೇನೇ ಸೇರಿಸಿ ಡೈಲಾಗ್ ಮಾಡಿದ್ದೀಯ. ಬುದ್ಧಿವಂತ."

ಶಶಿಧರ ಮೂರು ಸಲ ಹೇಳಿದ, ಮೂರು ಸಲವೂ ಚಪ್ಪಾಳೆ. ಕೊನೆಗೆ ರೋಸಿಹೋಗಿ ಇಬ್ಬರ ಕೈಯನ್ನೂ ಹಿಡಿದು ಹೊರಗೆ ಎಳೆದುಕೊಂಡು ಬಂದ. ಅಂಗಳದ ಇಳಿಜಾರಿನಲ್ಲಿ ಶಿವಯ್ಯನವರ ಈಗಿನ ಜೀಪು ನಿಂತಿತ್ತು, ಚಕ್ರಕ್ಕೆ ಮೂರು ಪಟ್ಟೆಯ ಇನ್ನೊಂದು ಕಲ್ಲು. "ನೋಡಿ. ಹೀಗೆ ಬಗ್ಗಿದೆ. ಹೀಗೆ ಹಿಡಿದೆ. ಹೀಗೆ ತೆಗೆದೆ" ಅಂತ ಅವನು ಕಲ್ಲನ್ನು ಎದೆಗವಚಿಕೊಂಡು ಎದ್ದು ನಿಂತ.

ಜೀಪಿಗೂ ಅರ್ಥವಾಯಿತು. ಮೆಲ್ಲಗೆ ಹೊರಟಿತು.

"ಮುಸ್ತಫಾ, ಬ್ರೇಕು!" ಅಂತ ಶಿವಯ್ಯ ಕೂಗಿದರು. ಹದಿನಾರು ವರ್ಷದ ಮೇಲೆ ಬಂದ ಮೊದಲ ಮಾತು. ಅರವತ್ತು ದಾಟಿದ ಮುಸ್ತಫಾ ಪಂಚೆ ಎತ್ತಿಕೊಂಡು ಓಡಿ ಜೀಪಿಗೆ ಹಾರಿ ಬ್ರೇಕು ತುಳಿದರು. ಬ್ರೇಕು ಸೀದಾ ನೆಲಕ್ಕಿಳಿಯಿತು. ಪುಣ್ಯಕ್ಕೆ ರಸ್ತೆ ಬದಿಯಲ್ಲಿ ಜಲ್ಲಿ ರಾಶಿಯಿತ್ತು, ಜೀಪು ಅದರಲ್ಲಿ ಮೂತಿ ತೂರಿಸಿ ನಿಂತಿತು.

"ಯಾರು ಮಾರಾಯ ನಿನ್ನ ಬ್ರೇಕು ನೋಡೋದು?" ಅಂದರು ಮುಸ್ತಫಾ, ಏದುಸಿರು ಬಿಡುತ್ತಾ.

"ಯಾರೂ ಇಲ್ಲ. ನೀನು ಬಿಟ್ಟ ಮೇಲೆ ಯಾರ ಕೈಗೆ ಕೊಡಲಿ?" ಅಂದ ಶಿವಯ್ಯನವರ ದನಿ ಒಡೆಯಿತು. "ಅವತ್ತು ನಾನು ಕಲ್ಲು ಇಡೋದೇ ಮರ್ತಿದ್ದೆ. ಹೋಗಿ ನೋಡಿದ್ರೆ ಅಲ್ಲಿ ಕಲ್ಲೇ ಇರ್ಲಿಲ್ಲ. ಹೇಳ್ಕೊಳ್ಳೋಕೆ ನಾಚಿಕೆಯಾಗಿ ನಿನ್ನ ಮೇಲೆ ಹಾಕಿದೆ."

"ನಾನು ಬೋಲ್ಟು ಬಿಗಿ ಮಾಡಿದ್ನೋ ಇಲ್ವೋ ಅಂತ ನಂಗೂ ಇವತ್ತಿನವರೆಗೆ ಗೊತ್ತಿಲ್ಲ. ಹಾಗಾಗೇ ಬಾಯಿ ಮುಚ್ಕೊಂಡು ಹೋದೆ."

ಇಬ್ಬರೂ ತಬ್ಬಿಕೊಂಡರು. ಕೃಷ್ಣಮ್ಮ ಸೆರಗಿನಲ್ಲಿ ಮೂಗೊರೆಸಿದಳು. ಶಶಿಧರ ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಎದೆಯ ಭಾರ ಇಳಿದದ್ದು ಅವರಿಬ್ಬರದು, ಅವನದು ಇದ್ದಲ್ಲೇ ಇತ್ತು. "ಅಲ್ಲ, ನೀವು ಮರ್ತಿರ್ಲಿಲ್ಲ. ಕಲ್ಲು ತೆಗೆದದ್ದು ನಾನು" ಅಂದ.

"ಬಿಡು ಮಾರಾಯ" ಅಂದರು ಶಿವಯ್ಯ. "ಇನ್ನೊಬ್ರ ತಪ್ಪು ಯಾಕೆ ಮೈಮೇಲೆ ಹಾಕ್ಕೊಳ್ತೀಯ? ಬಂಗಾರದಂಥ ಹುಡುಗ."

ಅಷ್ಟರಲ್ಲಿ ಕೃಷ್ಣಮ್ಮ ಅವನ ಕೈಯಲ್ಲಿದ್ದ ಕಲ್ಲನ್ನು ನೋಡಿದಳು. "ಇಂಥದ್ದೇ ಒಂದು ನಮ್ಮ ಅಡಿಗೆಮನೆಯಲ್ಲೂ ಉಂಟಲ್ಲ. ಇವನ ಕಿರೀಟದ ಮೇಲಿತ್ತು. ಮೂರು ಪಟ್ಟೆ ನೋಡಿ ಶುಭ ಅಂತ ಉಪ್ಪಿನಕಾಯಿ ಭರಣಿಗೆ ಭಾರ ಇಟ್ಟೆ."

ಶಶಿಧರ ಒಳಗೆ ಓಡಿ ಆ ಕಲ್ಲನ್ನು ಹೊತ್ತು ತಂದ. ಬಹುಮಾನ ಗೆದ್ದವನ ಹಾಗೆ ಎತ್ತಿ ಹಿಡಿದ. ಶಿವಯ್ಯ ಕಲ್ಲನ್ನು ತಿರುಗಿಸಿ ನೋಡಿದರು. ಮುಸ್ತಫಾಗೆ ಕೊಟ್ಟರು. ಅವರೂ ನೋಡಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುಮಾರ್ ಕೂಡ ಮೊಬೈಲ್ ಜೇಬಿಗೆ ಹಾಕಿದ.

"ಹದಿನಾರು ವರ್ಷ" ಅಂದರು ಮುಸ್ತಫಾ, ಮೆಲ್ಲಗೆ.

"ಬಾರೋ" ಅಂತ ಶಿವಯ್ಯ ಗೆಳೆಯನ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಹೋದರು. ಇಬ್ಬರೂ ಒಂದೇ ಮೇಜಿನಲ್ಲಿ ಕೂತರು, ಒಂದೇ ಪೇಪರನ್ನು ಅರ್ಧರ್ಧ ಹಂಚಿಕೊಂಡರು. ಶಶಿಧರ ಎದುರಿಗೆ ಹೋಗಿ ನಿಂತ. ಇಬ್ಬರೂ ಕುರ್ಚಿ ತಿರುಗಿಸಿದರು. ಈ ಕಡೆ ಬಂದ. ಮತ್ತೆ ತಿರುಗಿಸಿದರು. ಕೊನೆಗೆ ಅವನು ಹೋಗಿ ಖಾಲಿಯಿದ್ದ ಮೂಲೆಯಲ್ಲಿ ಕೂತು ತಣ್ಣಗಾದ ದೋಸೆ ಮುರಿಯತೊಡಗಿದ. ಕಣ್ಣೀರು ಧಾರಾಳವಾಗಿ ಬರುತ್ತಿತ್ತು.

ಹೊರಗೆ ಹಾರ್ನ್ ಕೇಳಿಸಿತು.

"ಕೃಷ್ಣಮ್ಮ" ಅಂದರು ಶಿವಯ್ಯ, ಪೇಪರಿನಿಂದ ತಲೆಯೆತ್ತದೆ, "ಆ ಬದಿಯಲ್ಲಿ ಕೂತವರಿಗೆ ಹೇಳಿ, ಅವರ ಬಸ್ಸು ಬಂತು ಅಂತ."